ದೊಡ್ಡ ಕಾನ್ಸರ್ಟ್‌ಗೆ ಟಿಕೆಟ್ ಕೊಳ್ಳುವಾಗ ನಾನು ಹಾಕುವ ಲೆಕ್ಕ

ಪೋಸ್ಟರ್ ಮೇಲೆ "ಆರಂಭಿಕ ಬೆಲೆ ಇಷ್ಟು" ಎಂದು ಅಚ್ಚಾಗಿರುವ ಅಂಕಿಯನ್ನು ನಾನು ಟಿಕೆಟಿನ ಬೆಲೆ ಎಂದು ಎಣಿಸುವುದೇ ಇಲ್ಲ. ಮನೆ ಬಿಟ್ಟಾಗಿನಿಂದ ಮತ್ತೆ ಮನೆ ಸೇರುವವರೆಗೆ ಆಗುವ ಒಟ್ಟು ಖರ್ಚೇ ಬೆಲೆ. ಅದನ್ನು ಮೊದಲೇ ಬರೆದಿಟ್ಟುಕೊಂಡು, ಅದಕ್ಕೊಂದು ಮಿತಿ ಹಾಕಿಕೊಂಡು, ಮಿತಿ ದಾಟಿದರೆ ಕೈಬಿಡುವುದು ನಾನು ಅನುಸರಿಸುವ ಕ್ರಮ. ಬೆಂಗಳೂರು, ಮುಂಬೈ, ಅಹಮದಾಬಾದ್‌ ಎಲ್ಲೇ ದೊಡ್ಡ ಕಾರ್ಯಕ್ರಮವಿದ್ದರೂ ಇದೇ ಲೆಕ್ಕ ನಡೆಯುತ್ತದೆ.

ಒಂದು ಟಿಕೆಟಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ತೆರಿಗೆ ಬೇರೆ ಎಂದಿದ್ದರೆ ಶೇ 18ರಂತೆ 720 ರೂಪಾಯಿ ಜಿಎಸ್‌ಟಿ ಸೇರುತ್ತದೆ. ಅದರ ಮೇಲೆ ಬುಕಿಂಗ್ ಆ್ಯಪ್‌ನ ಕನ್ವೀನಿಯನ್ಸ್ ಶುಲ್ಕ, ಆ ಶುಲ್ಕಕ್ಕೂ ಪ್ರತ್ಯೇಕ ಜಿಎಸ್‌ಟಿ. ಶುಲ್ಕ 250 ಆದರೆ ತೆರಿಗೆ ಸೇರಿ 295. ಒಟ್ಟು 5,015. ಪೋಸ್ಟರ್ ನೋಡಿ ನಾಲ್ಕು ಸಾವಿರ ಎಂದುಕೊಂಡವರಿಗೆ ಕಾಲು ಭಾಗ ಹೆಚ್ಚಾಯಿತು. ಹಾಗಾಗಿ ತೋರಿಸಿರುವ ಬೆಲೆಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲು ನೋಡುತ್ತೇನೆ. ಸಂಗೀತ ಕಾರ್ಯಕ್ರಮದ ಪ್ರವೇಶ ದರ ತಲೆಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ಚಿಕ್ಕ ಸಭಾಂಗಣದ ಕಛೇರಿಗಳಲ್ಲಿ 499 ಎಂಬ ದರ ಕಂಡರೆ ಅದರ ಹಿಂದೆ ಈ ಲೆಕ್ಕವೂ ಇರಬಹುದು.

ಹಣ ಕಟ್ಟುವ ಕೊನೆಯ ಪುಟದಲ್ಲಿ ಇನ್ನೊಂದು ಕೆಲಸವಿದೆ. ಟಿಕೆಟ್ ವಿಮೆ, ಒಂದೆರಡು ರೂಪಾಯಿ ದೇಣಿಗೆ, ಪಾರ್ಕಿಂಗ್, ಊಟದ ಕೂಪನ್ ಇವುಗಳಲ್ಲಿ ಯಾವುದಕ್ಕಾದರೂ ನಾವು ಹಾಕದೆಯೇ ಟಿಕ್ ಬಿದ್ದಿದೆಯೇ ನೋಡಿ ತೆಗೆಯಬೇಕು. ಗ್ರಾಹಕರು ಕೇಳದ್ದನ್ನು ಬುಟ್ಟಿಗೆ ಸೇರಿಸುವುದು, ಶುಲ್ಕವನ್ನು ಕೊನೆಯವರೆಗೂ ಮುಚ್ಚಿಟ್ಟು ಹಂತಹಂತವಾಗಿ ತೋರಿಸುವುದು ಎರಡನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ನಿಷೇಧಿಸಿದೆ. ದೂರು ಕೊಡಲು 1915ಕ್ಕೆ ಕರೆ ಮಾಡಬಹುದು. ಆಗ ಬೇಕಾಗುವುದು ಆ ಪುಟದ ಸ್ಕ್ರೀನ್‌ಶಾಟ್, ಹಾಗಾಗಿ ಅದನ್ನು ತೆಗೆದಿಟ್ಟುಕೊಳ್ಳಿ.

ಬೆಲೆ ಇಷ್ಟು ಏರಲು ಕಾರಣ ಒಂದೇ ಅಲ್ಲ. ಹಾಡು ಕೇಳುವುದು ಸ್ಟ್ರೀಮಿಂಗ್‌ಗೆ ಹೋದ ಮೇಲೆ ಕಲಾವಿದರಿಗೆ ವೇದಿಕೆಯೇ ಮುಖ್ಯ ಆದಾಯ. ನಮ್ಮಲ್ಲಿ ದೊಡ್ಡ ಕಾನ್ಸರ್ಟ್‌ಗೆಂದೇ ಕಟ್ಟಿದ ಜಾಗಗಳು ತೀರಾ ಕಡಿಮೆ. ಬೆಂಗಳೂರಿನಲ್ಲಿ ಖಾಲಿ ಮೈದಾನಕ್ಕೆ ವೇದಿಕೆ, ಜನರೇಟರ್, ಬ್ಯಾರಿಕೇಡ್, ಶೌಚಾಲಯ ಎಲ್ಲವನ್ನೂ ಹೊತ್ತು ತಂದು, ಒಂದೆರಡು ರಾತ್ರಿಗಾಗಿ ಕಟ್ಟಿ, ಮತ್ತೆ ಬಿಚ್ಚಬೇಕು. ಅಷ್ಟೂ ಖರ್ಚು ಟಿಕೆಟಿನ ಮೇಲೆ ಬೀಳುತ್ತದೆ. ಇದು ನಿಜವಾದ ಖರ್ಚು, ಒಪ್ಪುತ್ತೇನೆ. ಒಪ್ಪಲಾಗದ್ದು ಮಧ್ಯೆ ಕೂತು ಹತ್ತು ಪಟ್ಟು ಕೇಳುವವರ ಪಾಲು.

ಯಾವಾಗ ಕೊಳ್ಳಬೇಕು ಎಂಬುದಕ್ಕೆ ನನ್ನ ಉತ್ತರ: ಮೊದಲ ಹಂತದಲ್ಲಿ, ಇಲ್ಲವೇ ಕೊನೆಯ ವಾರದಲ್ಲಿ. ನಡುವೆ ಬೇಡ. ನಮ್ಮಲ್ಲಿ ಹೆಚ್ಚಿನ ಆಯೋಜಕರು ಅರ್ಲಿ ಬರ್ಡ್, ಫೇಸ್ ಒಂದು, ಫೇಸ್ ಎರಡು ಎಂದು ಹಂತ ಮಾಡಿ, ಅದೇ ಜಾಗಕ್ಕೆ ಪ್ರತಿ ಹಂತದಲ್ಲೂ ದರ ಏರಿಸುತ್ತಾರೆ. ಬೇಡಿಕೆ ನೋಡಿಕೊಂಡು ಕ್ಷಣಕ್ಷಣಕ್ಕೂ ದರ ಬದಲಿಸುವುದು ಬ್ರಿಟನ್, ಅಮೆರಿಕಗಳಲ್ಲಿ ಹೆಚ್ಚು. 2024ರ ಆಗಸ್ಟ್ 31ರಂದು ಓಯಸಿಸ್ ತಂಡದ ಟಿಕೆಟ್ ಮಾರಾಟದಲ್ಲಿ ಗಂಟೆಗಟ್ಟಲೆ ಕ್ಯೂನಲ್ಲಿದ್ದವರು ಮುಂದೆ ಬರುವ ಹೊತ್ತಿಗೆ 148 ಪೌಂಡ್‌ನ ನಿಲ್ಲುವ ಜಾಗದ ಟಿಕೆಟ್ 355 ಪೌಂಡ್ ಆಗಿತ್ತು. ಲಂಡನ್, ಮ್ಯಾಂಚೆಸ್ಟರ್ ಕಡೆ ಇರುವ ಕನ್ನಡಿಗರು ಮಿತಿಯನ್ನು ಕ್ಯೂ ಸೇರುವ ಮುಂಚೆಯೇ ಹಾಕಿಕೊಳ್ಳಲೇಬೇಕು. ಕ್ಯೂನಲ್ಲಿ ಎರಡು ಗಂಟೆ ಕಳೆದ ಮೇಲೆ ಯಾರೂ ಬೇಡ ಎನ್ನುವ ಸ್ಥಿತಿಯಲ್ಲಿರುವುದಿಲ್ಲ.

ಕೊನೆಯ ವಾರದಲ್ಲಿ ಟಿಕೆಟ್ ಬರುವುದು ಯಾಕೆಂದರೆ, ವೇದಿಕೆ ಮತ್ತು ಕ್ಯಾಮೆರಾ ಎಲ್ಲಿ ಬರುತ್ತವೆಂದು ಖಚಿತವಾಗುವವರೆಗೆ ಒಂದಷ್ಟು ಸೀಟುಗಳನ್ನು ತಡೆದಿಟ್ಟಿರುತ್ತಾರೆ. ಪ್ರಾಯೋಜಕರ ಪಾಲಿನಲ್ಲಿ ಉಳಿದದ್ದೂ ಆಗ ವಾಪಸ್ ಬರುತ್ತದೆ. ಇವು ಸಾಮಾನ್ಯವಾಗಿ ಮುಖಬೆಲೆಗೇ, ಅಧಿಕೃತ ಆ್ಯಪ್‌ನಲ್ಲೇ, ಸದ್ದಿಲ್ಲದೆ ಬರುತ್ತವೆ. ಆ ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಮ್ಮೊಮ್ಮೆ ಆ್ಯಪ್ ತೆರೆದು ನೋಡುತ್ತೇನೆ. ಅವಸರ ಪಡದೆ ಕಾದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ಉದಾಹರಣೆ ಪಾಠದಂತಿದೆ. 2024ರ ಸೆಪ್ಟೆಂಬರ್ 22ರ ಮಧ್ಯಾಹ್ನ ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದ ಟಿಕೆಟ್‌ಗಳು ಮಾರಾಟಕ್ಕೆ ಬಂದಾಗ ಅಧಿಕೃತ ದರ 2,500ರಿಂದ 35,000 ರೂಪಾಯಿ. ಒಂದು ಕೋಟಿಗೂ ಹೆಚ್ಚು ಜನ ನುಗ್ಗಿದರು. ಕೆಲವೇ ಹೊತ್ತಿನಲ್ಲಿ ಮರುಮಾರಾಟದ ತಾಣಗಳಲ್ಲಿ ಲಕ್ಷಗಳ ಮಾತು ಶುರುವಾಯಿತು. ಆದರೆ ಆ ದಿನವೇ ಮೂರನೇ ಪ್ರದರ್ಶನ ಸೇರಿತು, ಒಬ್ಬರಿಗೆ 8 ಟಿಕೆಟ್ ಇದ್ದ ಮಿತಿ 4ಕ್ಕೆ ಇಳಿಯಿತು. ನವೆಂಬರ್‌ನಲ್ಲಿ ಲಕ್ಷ ಜನ ಹಿಡಿಸುವ ಅಹಮದಾಬಾದ್ ಕ್ರೀಡಾಂಗಣ ಸೇರಿತು, ಆಮೇಲೆ ಅಲ್ಲಿಗೆ ಎರಡನೇ ದಿನವೂ ಬಂತು. ತಲಾ 2,000 ರೂಪಾಯಿಗೆ ಜೋಡಿಯಾಗಿ ಮಾರುವ ಇನ್‌ಫಿನಿಟಿ ಟಿಕೆಟ್‌ಗಳೂ ಬಂದವು. ಸೆಪ್ಟೆಂಬರ್‌ನಲ್ಲೇ ಬ್ಲ್ಯಾಕ್‌ನಲ್ಲಿ ಕೊಂಡವರು ಇಷ್ಟೆಲ್ಲ ಅವಕಾಶ ತೆರೆಯುವ ಮುಂಚೆಯೇ ಹಣ ಕಳೆದುಕೊಂಡಿದ್ದರು. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ನೈಸ್ ಮೈದಾನದಲ್ಲಿ ಬ್ರಿಟಿಷ್ ಗಾಯಕ ಎಡ್ ಶೀರನ್ ಹಾಡಿದಾಗಲೂ 8ರ ಜೊತೆಗೆ 9ನೇ ತಾರೀಖು ಆಮೇಲೆ ಸೇರಿದ್ದೇ.

ಮಾರಾಟದ ದಿನಕ್ಕೆ ತಯಾರಿ ಎರಡು ದಿನ ಮುಂಚೆ ಶುರು. ಆ್ಯಪ್ ಅಪ್‌ಡೇಟ್ ಮಾಡಿ, ಲಾಗಿನ್ ಆಗಿ, ಹೆಸರು, ಇಮೇಲ್ ತುಂಬಿ ಬಿಡಬೇಕು. ಟಿಕೆಟ್ ಕೈತಪ್ಪುವುದು ಬಹಳ ಸಲ ಕ್ಯೂನಲ್ಲಲ್ಲ, ಹಣ ಕಟ್ಟುವ ಕೊನೆಯ ಎರಡು ನಿಮಿಷದಲ್ಲಿ. ಹೊಸ ಫೋನಿನಲ್ಲಿ ಯುಪಿಐ ಹೊಸದಾಗಿ ನೋಂದಾಯಿಸಿದರೆ ಮೊದಲ 24 ಗಂಟೆ 5,000 ರೂಪಾಯಿ ಮಿತಿ ಬೀಳುತ್ತದೆ. ಆದ್ದರಿಂದ ಆ ವಾರ ಫೋನ್, ಸಿಮ್, ಪಿನ್ ಯಾವುದನ್ನೂ ಮುಟ್ಟಬಾರದು. ಕಾರ್ಡ್ ಆದರೆ ಬ್ಯಾಂಕ್ ಆ್ಯಪ್‌ಗೆ ಹೋಗಿ ಆನ್‌ಲೈನ್ ವಹಿವಾಟು ಆನ್ ಇದೆಯೇ, ಮಿತಿ ಸಾಕಷ್ಟಿದೆಯೇ ನೋಡಬೇಕು. ಹೊಸ ಕಾರ್ಡ್‌ಗಳಲ್ಲಿ ಇದು ಆಫ್ ಆಗಿಯೇ ಬರುತ್ತದೆ. ಕಾರ್ಡನ್ನು ಆ್ಯಪ್‌ನಲ್ಲಿ ಮೊದಲೇ ಉಳಿಸಿಟ್ಟರೆ ಸಿವಿವಿ ಮತ್ತು ಒಟಿಪಿ ಮಾತ್ರ ಸಾಕು. ಒಟಿಪಿ ಬರುವ ಸಿಮ್‌ಗೆ ಸಿಗ್ನಲ್ ಇರುವ ಜಾಗದಲ್ಲಿ ಕೂರಬೇಕು. ವೈಫೈ ಎಷ್ಟು ಜೋರಿದ್ದರೂ ಒಟಿಪಿ ಬಾರದಿದ್ದರೆ ಪ್ರಯೋಜನವಿಲ್ಲ.

ಮಾರಾಟ ತೆರೆಯುವವರೆಗೆ ಆ್ಯಪ್‌ನಲ್ಲೇ ಕಾಯಿಸುವ ವೇಟಿಂಗ್ ರೂಮ್ ಪುಟ ಇದ್ದರೆ ಹದಿನೈದು ನಿಮಿಷ ಮುಂಚೆ ಒಳಗಿದ್ದರೆ ಸಾಕು. ಇಂಥ ಹಲವು ವ್ಯವಸ್ಥೆಗಳಲ್ಲಿ ಮಾರಾಟ ತೆರೆದಾಗ ಒಳಗಿದ್ದವರಿಗೆಲ್ಲ ಚೀಟಿ ಎತ್ತಿದ ಹಾಗೆ ಸಂಖ್ಯೆ ಸಿಗುತ್ತದೆ, ಬೆಳಗಿನಿಂದ ಕಾದವರಿಗೆ ವಿಶೇಷ ಲಾಭವಿಲ್ಲ. ಒಮ್ಮೆ ಸಂಖ್ಯೆ ಬಂದ ಮೇಲೆ ಪುಟವನ್ನು ರಿಫ್ರೆಶ್ ಮಾಡಬಾರದು, ಅದೇ ಖಾತೆಯನ್ನು ಇನ್ನೊಂದು ಫೋನಿನಲ್ಲಿ ತೆರೆಯಬಾರದು. ಎರಡರಿಂದಲೂ ಸಾಲಿನ ಕೊನೆಗೆ ಬೀಳುವ ಅಪಾಯವಿದೆ. ನಾಲ್ವರು ಹೋಗುವುದಾದರೆ ನಾಲ್ವರೂ ತಮ್ಮ ತಮ್ಮ ಖಾತೆಯಿಂದ ಕ್ಯೂ ಸೇರಿ, ಫೋನಿನಲ್ಲಿ ಕಾನ್ಫರೆನ್ಸ್ ಕರೆ ಹಾಕಿಕೊಂಡು ಕೂರಬೇಕು. ಮೊದಲು ಸಿಕ್ಕವರು ನಾಲ್ಕಕ್ಕೂ ಹಣ ಕಟ್ಟುತ್ತಾರೆ, ಖಚಿತವಾಗಿದೆ ಎಂದ ಕೂಡಲೇ ಉಳಿದವರು ಹೊರಬರುತ್ತಾರೆ. ಈ ಕರೆ ಇಲ್ಲದೆ ಎಲ್ಲರೂ ತಾವೇ ಕೊಂಡರೆ ಒಂದೇ ಗುಂಪಿಗೆ ಹದಿನಾರು ಟಿಕೆಟ್ ಬರುತ್ತದೆ. ಯಾವ ವಿಭಾಗ ಮೊದಲು, ಅದು ಮುಗಿದಿದ್ದರೆ ಮುಂದಿನದು ಯಾವುದು, ಎಲ್ಲಿಗೆ ನಿಲ್ಲಿಸಬೇಕು ಎಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ. ಬುಟ್ಟಿಯ ಟೈಮರ್ ಓಡುತ್ತಿರುವಾಗ ಚರ್ಚೆ ಮಾಡಲು ಆಗುವುದಿಲ್ಲ.

ಹಣ ಖಾತೆಯಿಂದ ಹೋಗಿ ಟಿಕೆಟ್ ಬಾರದಿದ್ದರೆ ಗಾಬರಿಯಿಂದ ಕೂಡಲೇ ಎರಡನೇ ಸಲ ಕಟ್ಟುವ ಮೊದಲು "ನನ್ನ ಬುಕಿಂಗ್‌ಗಳು" ಪುಟ ಮತ್ತು ಇಮೇಲ್ ನೋಡಿ. ವಿಫಲವಾದ ಯುಪಿಐ ಅಥವಾ ಆನ್‌ಲೈನ್ ಕಾರ್ಡ್ ಪಾವತಿ ವಹಿವಾಟಿನ ದಿನದ ನಂತರ 5 ದಿನದೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಬ್ಯಾಂಕಿಗೆ ಬರೆಯುವಾಗ ಯುಟಿಆರ್, ಅಂದರೆ ಆ ವಹಿವಾಟಿನ ಗುರುತು ಸಂಖ್ಯೆ, ಕೊಡಿ.

ಈಗ ವಿಭಾಗದ ಆಯ್ಕೆ. ಹಣ ಉಳಿಸಲು ಹೆಚ್ಚು ಅವಕಾಶ ಇರುವುದು ಇಲ್ಲೇ. ವೇದಿಕೆಯ ಮುಂದೆಯೇ ನಿಲ್ಲುವ ಜಾಗವಾದ ಫ್ಯಾನ್‌ಪಿಟ್‌ಗೆ ಜನರಲ್ ವಿಭಾಗದ ದುಪ್ಪಟ್ಟು ಕೊಟ್ಟರೂ ಧ್ವನಿ ದುಪ್ಪಟ್ಟು ಚೆನ್ನಾಗಿರುವುದಿಲ್ಲ. ಬ್ಯಾರಿಕೇಡ್‌ಗೆ ಅಂಟಿ ನಿಂತರೆ ಸಬ್‌ವೂಫರ್ ಎಂಬ ತಗ್ಗು ಸ್ವರದ ಸ್ಪೀಕರ್‌ನ ಗುಡುಗು ಎದೆಗೆ ಹೊಡೆಯುತ್ತದೆ, ಮೇಲೆ ತೂಗುಹಾಕಿದ ಮುಖ್ಯ ಸ್ಪೀಕರ್‌ಗಳ ಸದ್ದು ತಲೆಯ ಮೇಲಿಂದ ಹಾದುಹೋಗುತ್ತದೆ. ಹಾಡಿನ ಮಾತು ಅಸ್ಪಷ್ಟ. ಮೈದಾನದ ನಡುವೆ ಸೌಂಡ್ ಎಂಜಿನಿಯರ್ ಕೂರುವ ಕನ್ಸೋಲ್ ಗುಡಾರ ಇರುತ್ತದೆ. ಅವರು ಅಲ್ಲಿ ಕೇಳಿಕೊಂಡೇ ಮಿಕ್ಸ್ ಮಾಡುವುದರಿಂದ ಆ ಸುತ್ತಲಿನ ಜಾಗದಲ್ಲಿ ಧ್ವನಿ ಸಮತೂಕವಾಗಿ ಸಿಗುತ್ತದೆ. ಅನೇಕ ಮೈದಾನಗಳಲ್ಲಿ ಕಡಿಮೆ ದರದ ವಿಭಾಗ ಆ ಗುಡಾರದ ಪಕ್ಕದಿಂದ ಅಥವಾ ಹಿಂದಿನಿಂದ ಶುರುವಾಗುತ್ತದೆ. ಬೇಗ ಒಳಗೆ ಹೋಗಿ ಆ ವಿಭಾಗದ ಮೊದಲ ಸಾಲಿನಲ್ಲಿ, ಗುಡಾರದ ನೇರ ಹಿಂದೆ ಅಲ್ಲದೆ ಎರಡು ಮೂರು ಮೀಟರ್ ಪಕ್ಕಕ್ಕೆ ನಿಲ್ಲುತ್ತೇನೆ. ನೇರ ಹಿಂದೆ ನಿಂತರೆ ಗುಡಾರವೇ ವೇದಿಕೆಯನ್ನು ಮುಚ್ಚುತ್ತದೆ.

ಇನ್ನೂ ಹಿಂದೆ ಹೋದರೆ ಡಿಲೇ ಟವರ್ ಎಂಬ ಎರಡನೇ ಸಾಲಿನ ಸ್ಪೀಕರ್ ಕಂಬಗಳಿವೆಯೇ ನೋಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. 100 ಮೀಟರ್ ಹಿಂದೆ ನಿಂತವರಿಗೆ ಪರದೆಯ ಮೇಲೆ ತುಟಿ ಅಲುಗಾಡಿದ ಸೆಕೆಂಡಿನ ಮೂರನೇ ಒಂದರಷ್ಟು ಹೊತ್ತಿನ ಬಳಿಕ ವೇದಿಕೆಯ ಸದ್ದು ತಲುಪುತ್ತದೆ. ಟವರ್‌ಗಳು ಅಷ್ಟೇ ತಡಮಾಡಿ ನುಡಿಯುವಂತೆ ಹೊಂದಿಸಿರುವುದರಿಂದ ಅವುಗಳ ಸ್ಪೀಕರ್ ಮುಖ ಮಾಡಿರುವ ಕಡೆ ನಿಂತರೆ ಮಾತು ಸ್ಪಷ್ಟ, ಅವುಗಳ ಬೆನ್ನ ಕಡೆ ನಿಂತರೆ ಬರೀ ಪ್ರತಿಧ್ವನಿ. ಕ್ರೀಡಾಂಗಣವಾದರೆ ಛಾವಣಿ ಬಾಗಿ ಬಂದಿರುವ ಮೇಲಂತಸ್ತಿನ ಹಿಂದಿನ ಸಾಲುಗಳನ್ನು ಬಿಟ್ಟುಬಿಡಿ, ಧ್ವನಿ ಅಲ್ಲಿ ಗೊಜ್ಜಾಗುತ್ತದೆ. ವೇದಿಕೆಯ ತೀರಾ ಪಕ್ಕದ ಸೀಟುಗಳಲ್ಲಿ ಪರದೆಯೇ ಕಾಣದೆ ಹೋಗಬಹುದು. ಕಿವಿಗೆ ಇಯರ್‌ಪ್ಲಗ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಹೇಳಿರುವ ಮಿತಿ ಸರಾಸರಿ 100 ಡೆಸಿಬಲ್, ಸ್ಪೀಕರ್ ಹತ್ತಿರ ನಿಂತವರು ಮೂರು ಗಂಟೆ ಅದರ ಆಸುಪಾಸಿನಲ್ಲೇ ಇರುತ್ತಾರೆ.

ಮರುಮಾರಾಟದ ಟಿಕೆಟ್ ಬಗ್ಗೆ ನಾನು ಕಟ್ಟುನಿಟ್ಟು. ಕ್ಯೂಆರ್ ಕೋಡ್‌ನ ಸ್ಕ್ರೀನ್‌ಶಾಟ್ ಒಂದನ್ನೇ ಹತ್ತು ಜನಕ್ಕೆ ಮಾರಬಹುದು, ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವರಷ್ಟೇ ಒಳಗೆ. ಕೆಲವು ಆ್ಯಪ್‌ಗಳು ಕಾರ್ಯಕ್ರಮ ಹತ್ತಿರ ಬಂದಾಗಷ್ಟೇ ಕ್ಯೂಆರ್ ತೋರಿಸುತ್ತವೆ. ಅಂಥ ಕಾರ್ಯಕ್ರಮಕ್ಕೆ ತಿಂಗಳ ಮುಂಚೆಯೇ ಕ್ಯೂಆರ್ ಕಳಿಸುತ್ತೇನೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಟಿಕೆಟಿನ ಬದಲು ಕೈಗೆ ಕಟ್ಟಿಕೊಳ್ಳುವ ಪಟ್ಟಿ ಮನೆಗೆ ಬರುವ ಕಾರ್ಯಕ್ರಮದಲ್ಲಿ ಬುಕ್ ಮಾಡಿದವರ ಗುರುತಿನ ಚೀಟಿ ಕೇಳಬಹುದು. ಆ್ಯಪ್‌ನೊಳಗೇ ನನ್ನ ಖಾತೆಗೆ ವರ್ಗಾಯಿಸಿದರೆ ಮಾತ್ರ, ಅದೂ ಮುಖಬೆಲೆಗೆ ಮಾತ್ರ ಕೊಳ್ಳುತ್ತೇನೆ. "ಅರ್ಧ ಮುಂಗಡ ಕಳಿಸಿ, ಇನ್ನೂ ಮೂವರು ಕೇಳುತ್ತಿದ್ದಾರೆ" ಎಂದವರಿಗೆ ಉತ್ತರವನ್ನೇ ಕೊಡುವುದಿಲ್ಲ. ಮೋಸ ಆಗಿಯೇ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ಹಣ ಇನ್ನೂ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲೇ ಹೆಚ್ಚು.

ಹೊರಊರಿನ ಕಾರ್ಯಕ್ರಮವಾದರೆ ಘೋಷಣೆ ಬಂದ ದಿನವೇ, ಟಿಕೆಟ್ ಸಿಗುವ ಮೊದಲೇ, ಉಚಿತವಾಗಿ ರದ್ದು ಮಾಡಬಹುದಾದ ಹೋಟೆಲ್ ಹಿಡಿಯುತ್ತೇನೆ. ಟಿಕೆಟ್ ಮಾರಾಟ ಮುಗಿದ ಗಂಟೆಯಿಂದ ಕೋಣೆಗಳ ದರ ಏರತೊಡಗುತ್ತದೆ. ರೈಲಿಗೆ ಮಾತ್ರ ಕಾಯಬೇಕು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನ. ಪ್ರಯಾಣಕ್ಕೆ 60 ದಿನ ಮುಂಚೆ ಬೆಳಿಗ್ಗೆ ಹೋಗುವ ಟಿಕೆಟ್, ಅದರ ಮರುದಿನ ಬೆಳಿಗ್ಗೆ ವಾಪಸ್ ಬರುವ ಟಿಕೆಟ್ ತೆಗೆಯಬೇಕು. ಬೆಂಗಳೂರಲ್ಲೇ ನೈಸ್ ಮೈದಾನವಾದರೆ ಮೆಟ್ರೊ ಬಿಟ್ಟು ಬೇರೆ ಯೋಚನೆ ಬೇಡ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮೈದಾನದ ಕಡೆಯ ಮಾದಾವರದವರೆಗೆ ಬಂದ ಮೇಲೆ ತುಮಕೂರು ರಸ್ತೆಯ ಕ್ಯಾಬ್ ದರಕ್ಕೆ ತಲೆಬಾಗಬೇಕಿಲ್ಲ. ಮೆಟ್ರೊ ಕಾರ್ಡ್‌ಗೆ ಬೆಳಿಗ್ಗೆಯೇ ರೀಚಾರ್ಜ್ ಮಾಡಿಡಿ, ಕೊನೆಯ ರೈಲಿನ ಸಮಯವನ್ನು ಅಂದೇ ನೋಡಿಕೊಳ್ಳಿ.

ಮಿತಿ ಮೀರಿತೆಂದು ಕೈಬಿಟ್ಟ ಹಣಕ್ಕೆ ನನ್ನಲ್ಲಿ ಬೇರೆ ದಾರಿಗಳಿವೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು, ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಯ ಅಹೋರಾತ್ರಿ ಸಂಗೀತ, ದಸರೆಯಲ್ಲಿ ಮೈಸೂರು ಅರಮನೆ ಮುಂದಿನ ಸಂಜೆಗಳು. ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದಲ್ಲಿ ನೆಲದ ಮೇಲೆ ಕೂರುವ ವಿಭಾಗಕ್ಕೆ ಇಡೀ ಉತ್ಸವದ ಸೀಸನ್ ಟಿಕೆಟ್ ತೆಗೆದರೂ ದೊಡ್ಡ ಕಾನ್ಸರ್ಟಿನ ಒಂದು ಜನರಲ್ ಟಿಕೆಟಿಗಿಂತ ಎಷ್ಟೋ ಕಡಿಮೆ.

ಟಿಕೆಟ್ ಕೊಂಡ ಮೇಲೆ ಹೋಗಲಾಗದಿದ್ದರೆ ಮೊದಲು ಆ್ಯಪ್‌ನಲ್ಲೇ ವರ್ಗಾವಣೆ ಅಥವಾ ಅಧಿಕೃತ ಮರುಮಾರಾಟ ಇದೆಯೇ ನೋಡುತ್ತೇನೆ. ಇಲ್ಲದಿದ್ದರೆ ಪರಿಚಯದವರಿಗೆ, ಕೊಟ್ಟ ಬೆಲೆಗೇ, ಬುಕಿಂಗ್ ಇಮೇಲ್ ಸಮೇತ ಕೊಡುತ್ತೇನೆ. ಗೇಟಿನಲ್ಲಿ ನನ್ನ ಗುರುತು ಕೇಳುವ ಕಾರ್ಯಕ್ರಮವಾದರೆ ಗುರುತಿನ ಚೀಟಿಯ ಪ್ರತಿ ಮತ್ತು ಸಹಿ ಮಾಡಿದ ಒಪ್ಪಿಗೆ ಪತ್ರ ನಡೆಯುತ್ತದೆಯೇ ಎಂದು ಆಯೋಜಕರಿಗೆ ಇಮೇಲ್ ಮಾಡಿ ಕೇಳಿ, ಆಯೋಜಕರ ಉತ್ತರವನ್ನೂ ಟಿಕೆಟ್ ಪಡೆದವರ ಕೈಗೆ ಕೊಟ್ಟು ಕಳಿಸುತ್ತೇನೆ.