ಮೊಡವೆ ಮುಖಕ್ಕೆ ಮೈಸೆಲ್ಲಾರ್ ವಾಟರ್: ಬಾಟಲಿಯ ಹಿಂಬದಿ ಓದಲು ಕಲಿತದ್ದು

ಮೂರು ವಾರ ಆಗಿತ್ತು. ಕಿವಿಯ ಕೆಳಗಿನಿಂದ ಗದ್ದದವರೆಗೆ, ಕೈ ಆಡಿಸಿದರೆ ಮರಳು ಅಂಟಿಸಿದ ಹಾಗೆ ಸಣ್ಣ ಸಣ್ಣ ಗುಳ್ಳೆಗಳು. ಕೆಂಪಿಲ್ಲ, ನೋವಿಲ್ಲ, ಆದರೆ ಬೆಳಕು ಪಕ್ಕದಿಂದ ಬಿದ್ದರೆ ಒಂದೊಂದೂ ಎದ್ದು ಕಾಣುತ್ತಿತ್ತು. ಆ ತಿಂಗಳು ನಾನು ಹೊಸದಾಗಿ ಶುರು ಮಾಡಿದ್ದು ಒಂದೇ, ರಾತ್ರಿ ಸನ್‌ಸ್ಕ್ರೀನ್ ತೆಗೆಯಲು ಒಂದು ಮೈಸೆಲ್ಲಾರ್ ವಾಟರ್, ಅಂದರೆ ಹತ್ತಿಗೆ ಹಾಕಿ ಮುಖ ಒರೆಸುವ ನೀರಿನಂಥ ಕ್ಲೆನ್ಸರ್. ಬಾಟಲಿಯ ಮುಂದೆ ಎಣ್ಣೆ ಚರ್ಮಕ್ಕೆ, ಮೊಡವೆ ಚರ್ಮಕ್ಕೆ ಅಂತ ದೊಡ್ಡದಾಗಿ ಬರೆದಿತ್ತು. ನಂಬಿದೆ. ಆಮೇಲೆ ಮುಖ ತೊಳೆಯಬೇಕಿಲ್ಲ ಅಂತಲೂ ಬರೆದಿತ್ತು, ಅದನ್ನೂ ನಂಬಿದೆ.

ಬಾಟಲಿ ಎತ್ತಿಡುವ ಮೊದಲು ಹಿಂದೆ ತಿರುಗಿಸಿದೆ. ಮೊದಲು ನೀರು. ಆಮೇಲೆ ಪಾಲಿಸಾರ್ಬೇಟ್ 20, ಪಿಇಜಿ-40 ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್, ಪರ್ಫ್ಯೂಮ್, ಫಿನಾಕ್ಸಿಎಥನಾಲ್. ಮುಂದೆ ದೊಡ್ಡ ಅಕ್ಷರದಲ್ಲಿ ಬರೆದಿದ್ದ ಝಿಂಕ್ ಎಲ್ಲಿ ಅಂತ ಹುಡುಕಿದರೆ ಪಟ್ಟಿಯ ಬಾಲದಲ್ಲಿತ್ತು. ಅವತ್ತಿನಿಂದ ನಾನು ಯಾವ ಬಾಟಲಿಯನ್ನೂ ಮುಂದಿನಿಂದ ಓದಿಲ್ಲ.

ಪಟ್ಟಿ ಓದುವುದಕ್ಕೆ ಒಂದು ಸುಲಭ ಗುರುತು ಇದೆ. ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಮ್ಮಿ ಇರುವುದಕ್ಕೆ ಬರೆಯುತ್ತಾರೆ, ಶೇ. 1ಕ್ಕಿಂತ ಕಮ್ಮಿ ಇರುವುದನ್ನು ಮಾತ್ರ ತಮಗೆ ಬೇಕಾದ ಕ್ರಮದಲ್ಲಿ ಬರೆಯಬಹುದು. ಫಿನಾಕ್ಸಿಎಥನಾಲ್ ಅನ್ನುವ ಪ್ರಿಸರ್ವೇಟಿವ್‌ಗೆ ಯುರೋಪಿನ ನಿಯಮದಲ್ಲಿ ಶೇ. 1 ಗರಿಷ್ಠ ಮಿತಿ. ಅಂದರೆ ಅದರ ನಂತರ ಬರುವುದೆಲ್ಲ ಹೆಚ್ಚೆಂದರೆ ಶೇ. 1. ಝಿಂಕ್, ಟೀ ಟ್ರೀ, ಗ್ರೀನ್ ಟೀ ಇವೆಲ್ಲ ಸಾಮಾನ್ಯವಾಗಿ ಆ ಗೆರೆಯ ಕೆಳಗೇ ಇರುತ್ತವೆ. ಹತ್ತಿಯಲ್ಲಿ ಒರೆಸಿ ಬಿಡುವ ಒಂದು ನಿಮಿಷದಲ್ಲಿ ಅಷ್ಟು ಚೂರು ಮುಖಕ್ಕೆ ಏನು ಮಾಡೀತು ಹೇಳಿ? ಸ್ಯಾಲಿಸಿಲಿಕ್ ಆಸಿಡ್ ನೋಡಿ ನಾನೂ ಖುಷಿ ಪಟ್ಟಿದ್ದೆ. ಆದರೆ ಅದನ್ನು ಪ್ರಿಸರ್ವೇಟಿವ್ ಆಗಿಯೂ ಹಾಕುತ್ತಾರೆ, ಪಟ್ಟಿಯ ಕೊನೆಯಲ್ಲಿದ್ದರೆ ಬಹುಶಃ ಅದೇ ಕೆಲಸಕ್ಕೆ. ಮೊಡವೆಗೆ ಅದು ಬೇಕಿದ್ದರೆ ಹಚ್ಚಿ ತೊಳೆಯದೆ ಬಿಡುವಂಥದ್ದನ್ನು ಬೇರೆ ತಗೊಳ್ಳಿ.

ಹಾಗಾದರೆ ನೋಡಬೇಕಾದ್ದು ಮೇಲಿನ ನಾಲ್ಕೈದು ಹೆಸರು. ಅಲ್ಲಿ ಇರುವುದು ಸರ್ಫ್ಯಾಕ್ಟಂಟ್, ಅಂದರೆ ಸೋಪಿನ ಹಾಗೆ ಜಿಡ್ಡು ಎತ್ತುವ ಪದಾರ್ಥ. ಆ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆ ನೀರಿಗೆ ಒಲಿಯುತ್ತದೆ, ಬಾಲ ಎಣ್ಣೆಗೆ. ನೀರಿನಲ್ಲಿ ಅದರ ಪ್ರಮಾಣ ಒಂದು ಮಟ್ಟ ದಾಟಿದಾಗ ಬಾಲಗಳೆಲ್ಲ ಒಳಮುಖವಾಗಿ ಸೇರಿಕೊಂಡು ಚೆಂಡಿನ ಹಾಗೆ ಕೂರುತ್ತವೆ, ಅದೇ ಮೈಸೆಲ್. ಮುಖದ ಜಿಡ್ಡು ಆ ಚೆಂಡಿನೊಳಗೆ ಸಿಕ್ಕಿಕೊಂಡು ಹತ್ತಿಗೆ ಬರುತ್ತದೆ. ಸರಿ, ಹತ್ತಿಗೆ ಬಂದಷ್ಟು ಬಂತು. ಉಳಿದದ್ದು? ನೀರು ಆರಿ ಹೋಗುತ್ತದೆ, ಸರ್ಫ್ಯಾಕ್ಟಂಟ್ ಎಲ್ಲಿಗೂ ಹೋಗುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕು ಅನಿಸಿತು. ನಾಲ್ಕು ಬೇರೆ ಬೇರೆ ಮೈಸೆಲ್ಲಾರ್ ವಾಟರ್ ಸೇರಿಸಿಕೊಂಡು, ಕನ್ನಡಿಯನ್ನು ಮಲಗಿಸಿ, ಒಂದೊಂದರಿಂದ ಎರಡೆರಡು ಹನಿ ಬಿಟ್ಟು, ಪಕ್ಕದಲ್ಲಿ ಸಾದಾ ನೀರಿನ ಎರಡು ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಇಟ್ಟೆ. ಬೆಳಗ್ಗೆ ನೀರಿನ ಜಾಗದಲ್ಲಿ ತೆಳು ಬಿಳಿ ಉಂಗುರ. ಪೊಲೊಕ್ಸಾಮರ್ 184 ಅನ್ನುವ ಸರ್ಫ್ಯಾಕ್ಟಂಟ್ ಇದ್ದದ್ದರಲ್ಲಿ ತೆಳ್ಳಗಿನ ಪದರ, ಬೆರಳಿಟ್ಟರೆ ಸ್ವಲ್ಪ ಜಾರುತ್ತಿತ್ತು. ಪಿಇಜಿ-6 ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಗ್ಲಿಸರೈಡ್ಸ್ ಇದ್ದದ್ದರಲ್ಲಿ ಎಣ್ಣೆಯಂಥ ನುಣುಪು. ಡೆಸೈಲ್ ಗ್ಲುಕೋಸೈಡ್ ಇದ್ದದ್ದು ಒಣಗಿ ಸ್ವಲ್ಪ ಬಿಗಿಯಾಗಿತ್ತು. ನನಗೆ ಗುಳ್ಳೆ ಬಂದ ಬಾಟಲಿಯ ಹನಿ ಇನ್ನೂ ಒದ್ದೆ ಇದ್ದಂತೆ ಹೊಳೆಯುತ್ತಿತ್ತು. ಬೆರಳಿಟ್ಟು ಎತ್ತಿದರೆ ಅಂಟಂಟು, ಬೆರಳಚ್ಚು ಪೂರ್ತಿ ಮೂಡಿತ್ತು. ವಾಸನೆ ಕೂಡ ಹೋಗಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಂಟು ಇದ್ದ ಮಾತ್ರಕ್ಕೆ ರಂಧ್ರ ಮುಚ್ಚುತ್ತದೆ ಅಂತಲ್ಲ. ಗ್ಲಿಸರಿನ್ ಕೂಡ ಅಂಟುತ್ತದೆ, ಅದು ಚರ್ಮಕ್ಕೆ ಒಳ್ಳೆಯದೇ. ಕನ್ನಡಿ ನನಗೆ ತೋರಿಸಿದ್ದು ಇಷ್ಟೇ, ಒರೆಸಿದ ಮೇಲೂ ಮುಖದ ಮೇಲೆ ಏನೋ ಉಳಿಯುತ್ತದೆ.

ಮುಖ ಸಮಾಧಾನಕ್ಕೆ ಬರುವವರೆಗೆ ಎರಡು ತಿಂಗಳು ಬರೀ ಸಾದಾ ಫೇಸ್‌ವಾಶ್ ಬಳಸಿದೆ. ಆಮೇಲೆ ವಾಸನೆ ಹಾಕದ, ಪೊಲೊಕ್ಸಾಮರ್ 184 ಇರುವುದನ್ನು ಶುರು ಮಾಡಿದೆ. ಬಲಗೆನ್ನೆ ಒರೆಸಿದ ಮೇಲೆ ನೀರಿನಲ್ಲಿ ತೊಳೆಯುತ್ತಿದ್ದೆ, ಎಡಗೆನ್ನೆ ಹಾಗೇ ಬಿಡುತ್ತಿದ್ದೆ. ಉರಿ, ಬಿಗಿತ ಎರಡು ಮೂರು ದಿನದಲ್ಲೇ ಗೊತ್ತಾಗುತ್ತದೆ, ಆದರೆ ಮೊಡವೆ ಚರ್ಮದೊಳಗೆ ಶುರುವಾಗಿ ಮೇಲೆ ಕಾಣಲು ವಾರಗಟ್ಟಲೆ ಬೇಕು, ಅದಕ್ಕೇ ಎಂಟು ವಾರ ಬೇರೇನೂ ಬದಲಾಯಿಸದೆ ತಡೆದುಕೊಂಡೆ. ಕಷ್ಟವೇ ಆಯಿತು. ಎಂಟನೇ ವಾರಕ್ಕೆ ಎಡಗಡೆ ದವಡೆಯ ಹತ್ತಿರ ನಾಲ್ಕೈದು ಗುಳ್ಳೆ ಮತ್ತೆ ಬಂದಿದ್ದವು, ಬಲಗಡೆ ಇರಲಿಲ್ಲ. ಒಬ್ಬರ ಮುಖದ ಕಥೆ ಇದು, ಎಲ್ಲರಿಗೂ ಹೀಗೇ ಅಂತ ಹೇಳಲಾರೆ. ಆದರೆ ನಾನು ಅವತ್ತಿನಿಂದ ತೊಳೆಯದೆ ಮಲಗಿಲ್ಲ.

ಪಾಲಿಸಾರ್ಬೇಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ವಾಸನೆ ಹಾಕಿದ ಬಾಟಲಿಗಳಲ್ಲಿ ಪಾಲಿಸಾರ್ಬೇಟ್ 20 ಮತ್ತು ಆ ಪಿಇಜಿ-40 ಕ್ಯಾಸ್ಟರ್ ಆಯಿಲ್ ಜೊತೆಜೊತೆಗೆ ಕಾಣಿಸುತ್ತವೆ, ಯಾಕೆಂದರೆ ಸುಗಂಧದ ಎಣ್ಣೆ ನೀರಿನಲ್ಲಿ ಬೆರೆಯಲು ಅವು ಬೇಕು. ಇನ್ನೊಂದು ವಿಷಯ, ಎಲ್ಲ ಗುಳ್ಳೆಯೂ ಮೊಡವೆ ಅಲ್ಲ. ಹಣೆಯ ಮೇಲೆ ಒಂದೇ ಅಳತೆಯ, ತುರಿಸುವ ಗುಳ್ಳೆಗಳಿದ್ದರೆ ಅದು ಮಲಸೀಝಿಯಾ ಅನ್ನುವ ಯೀಸ್ಟ್‌ನಿಂದ ಇರಬಹುದು. ಆ ಯೀಸ್ಟ್‌ಗೆ ಬದುಕಲು ಕೊಬ್ಬಿನಾಮ್ಲ ಬೇಕು, ಪ್ರಯೋಗಾಲಯದಲ್ಲಿ ಅದನ್ನು ಬೆಳೆಸುವ ಮಾಧ್ಯಮಕ್ಕೆ ಪಾಲಿಸಾರ್ಬೇಟ್ ಹಾಕುತ್ತಾರೆ. ಮುಖದ ಮೇಲೂ ಹಾಗೇ ಆಗುತ್ತದೆ ಅಂತ ಇದರಿಂದ ಸಾಬೀತಾಗುವುದಿಲ್ಲ, ಆದರೆ ತುರಿಸುವ ಗುಳ್ಳೆ ಇರುವವರು ಪಾಲಿಸಾರ್ಬೇಟ್ ಇಲ್ಲದ್ದನ್ನು ಹುಡುಕುವುದು ಒಳ್ಳೆಯದು. ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ, ಅದರ ಔಷಧಿಯೇ ಬೇರೆ.

ಮೃದು ಅಂತ ಹೆಸರು ಮಾಡಿದ್ದು ಎಲ್ಲರಿಗೂ ಆಗಿಬರಬೇಕು ಅಂತೇನಿಲ್ಲ. ಡೆಸೈಲ್ ಗ್ಲುಕೋಸೈಡ್ ಸೇರಿದ ಆಲ್ಕೈಲ್ ಗ್ಲುಕೋಸೈಡ್ ಗುಂಪನ್ನು ಅಮೆರಿಕದ ಕಾಂಟಾಕ್ಟ್ ಡರ್ಮಟೈಟಿಸ್ ಸೊಸೈಟಿ 2017ರ ‘ವರ್ಷದ ಅಲರ್ಜನ್’, ಅಂದರೆ ಅಲರ್ಜಿ ತರುವ ಪದಾರ್ಥ, ಅಂತ ಹೆಸರಿಸಿತ್ತು. 2013ರಲ್ಲಿ ಆ ಹೆಸರು ಮೀಥೈಲ್‌ಐಸೊಥಿಯಾಝೋಲಿನೋನ್ ಅನ್ನುವ ಪ್ರಿಸರ್ವೇಟಿವ್‌ಗೆ ಸಿಕ್ಕಿತ್ತು. ಹಚ್ಚಿ ತೊಳೆಯದೆ ಬಿಡುವ ಸಾಮಾನುಗಳಲ್ಲಿ ಯುರೋಪ್ ಅದನ್ನು ನಿಷೇಧಿಸಿದೆ. ಪಟ್ಟಿಯಲ್ಲಿ ಆ ಉದ್ದ ಹೆಸರು ಕಂಡರೆ ನಾನಂತೂ ಮುಟ್ಟುವುದಿಲ್ಲ.

ಚರ್ಮ ಒಣಗಿಸುವ ಆಲ್ಕೋಹಾಲ್ ಡೀನ್ಯಾಟ್ ಪಟ್ಟಿಯ ಮೇಲಿನ ನಾಲ್ಕರಲ್ಲಿ ಇದ್ದರೂ ಬೇಡ. ನಾನು ಮೊಡವೆಗೆ ಅಡಾಪಲೀನ್ ಅನ್ನುವ ಔಷಧಿ ಹಚ್ಚುತ್ತೇನೆ, ಅದರಿಂದ ಒಣಗಿದ ಚರ್ಮದ ಮೇಲೆ ಈ ಆಲ್ಕೋಹಾಲ್ ಬಿದ್ದರೆ ಉರಿ ತಡೆಯಲು ಆಗುವುದಿಲ್ಲ. ಸೀಟೈಲ್ ಆಲ್ಕೋಹಾಲ್ ಬೇರೆ, ಅದು ಮೇಣದಂಥದ್ದು, ಒಣಗಿಸುವುದಿಲ್ಲ. ಅಲುಗಾಡಿಸಿ ಬಳಸುವ ಎರಡು ಪದರದ ಬಾಟಲಿಗಳಲ್ಲಿ ಮೇಲೆ ತೇಲುವುದು ಎಣ್ಣೆ ಅಥವಾ ಸಿಲಿಕೋನ್. ಅಲ್ಲಿ ಐಸೊಪ್ರೊಪೈಲ್ ಮಿರಿಸ್ಟೇಟ್ ಅಥವಾ ಪಾಲ್ಮಿಟೇಟ್ ಇದೆಯಾ ನೋಡುತ್ತೇನೆ. ರಂಧ್ರ ಮುಚ್ಚುತ್ತವೆ ಅನ್ನುವ ಹೆಸರು ಅವಕ್ಕಿದೆ, ಇದ್ದರೆ ವಾಪಸ್ ಇಡುತ್ತೇನೆ.

ಒರೆಸುವ ರೀತಿ ಕೂಡ ಮುಖ್ಯ. ನೀರಿಗೆ ಜಗ್ಗದ ಸನ್‌ಸ್ಕ್ರೀನ್ ಒಂದು ಹತ್ತಿಗೆ ಬರುವುದಿಲ್ಲ, ಬರಲಿಲ್ಲ ಅಂತ ಉಜ್ಜಿದರೆ ಆ ಉಜ್ಜುವಿಕೆಯೇ ಮೊಡವೆ ಕೆಣಕುತ್ತದೆ. ಹತ್ತಿಯನ್ನು ಚೆನ್ನಾಗಿ ನೆನೆಸಿ, ಕೆನ್ನೆಯ ಮೇಲೆ ಹತ್ತು ಸೆಕೆಂಡು ಸುಮ್ನೆ ಒತ್ತಿ ಹಿಡಿದು, ಆಮೇಲೆ ಒಂದೇ ಸಲ ಕೆಳಗೆ ಎಳೆಯುತ್ತೇನೆ. ಎರಡನೇ ಹತ್ತಿ ಬಿಳಿಯಾಗಿ ಬಂದರೆ ಸಾಕು. ನಂತರ ಮೃದುವಾದ ಫೇಸ್‌ವಾಶ್, ನೀರು.

ಹೋದ ತಿಂಗಳು ನನ್ನ ಬಾಟಲಿ ಖಾಲಿಯಾಗಿ ಅದೇ ಹೆಸರಿನ, ಅದೇ ಬಣ್ಣದ ಮುಚ್ಚಳದ ಹೊಸದನ್ನು ಕೈಗೆತ್ತಿಕೊಂಡೆ. ಅಭ್ಯಾಸದಂತೆ ತಿರುಗಿಸಿ ನೋಡಿದರೆ ಪ್ರಿಸರ್ವೇಟಿವ್ ಬದಲಾಗಿತ್ತು, ಕೊನೆಯಲ್ಲಿ ಪರ್ಫ್ಯೂಮ್ ಹೊಸದಾಗಿ ಸೇರಿತ್ತು. ಮುಂಭಾಗದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅಲ್ಲೇ ಇಟ್ಟು ಬಂದೆ.