ಉಗುರುಸುತ್ತು ಮತ್ತು ನನ್ನ ಹೆಬ್ಬೆರಳಿನ ಗೆರೆ

ನಾಟಿ ಶುರುವಾದರೆ ಸಾಕು, ಮಂಡ್ಯದ ನನ್ನ ಕ್ಲಿನಿಕ್‌ಗೆ ಉಗುರುಸುತ್ತಿನ ಬೆರಳುಗಳು ಬರತೊಡಗುತ್ತವೆ. ಇಡೀ ದಿನ ಕೆಸರಲ್ಲಿ ಪೈರು ನೆಟ್ಟ ಹೆಂಗಸರ ಕೈಗಳು. ಉಗುರಿನ ಬುಡ ಊದಿ, ಕೆಂಪಾಗಿ, ಮುಟ್ಟಿದರೆ ನೋವು. ಕೆಲವರು ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡೇ ಬರುತ್ತಾರೆ. ಮೊದಲೇ ನೆನೆದ ಚರ್ಮಕ್ಕೆ ಆ ಹುಳಿ ಇನ್ನಷ್ಟು ಉರಿ.

ಮೊದಮೊದಲು ನಾನು ಮುಲಾಮು ಬರೆದು, ‘ಕೈ ನೀರಿಗೆ ಹಾಕಬೇಡಿ’ ಎಂದು ಕಳಿಸುತ್ತಿದ್ದೆ. ಗದ್ದೆ ಕೆಲಸದಿಂದಲೇ ಮನೆ ನಡೆಸುವವರಿಗೆ ಹಾಗೆ ಹೇಳಬಾರದಿತ್ತು.

ಒಬ್ಬ ಅಮ್ಮ ಮೂರು ವಾರಕ್ಕೇ ಔಷಧಿ ಬಿಟ್ಟು, ಬೆರಳು ಮತ್ತೆ ಊದಿಸಿಕೊಂಡು ಬಂದರು. "ಊತ ಇಳೀತು ಡಾಕ್ಟ್ರಮ್ಮ, ಉಗುರು ಮಾತ್ರ ಹಂಗೇ ಏರುತಗ್ಗು ಐತೆ. ಔಸ್ತಿ ಕೆಲ್ಸ ಮಾಡ್ನಿಲ್ಲ ಅಂತ ಬಿಟ್ಬುಟ್ಟೆ."

ಅವರ ಮುಂದೆಯೇ ನನ್ನ ಹೆಬ್ಬೆರಳಿನ ಉಗುರಿಗೆ, ಚರ್ಮದ ಅಂಚಿಗೆ ತಾಗಿದಂತೆ, ಅರದಿಂದ ಸಣ್ಣದೊಂದು ಅಡ್ಡಗೆರೆ ಎಳೆದೆ. ತಿಂಗಳು ಬಿಟ್ಟು ಬಂದಾಗ ಗೆರೆ ಸುಮಾರು 3 ಮಿಲಿಮೀಟರ್ ಮುಂದೆ ಸರಿದಿತ್ತು. ಎರಡು ರಾಗಿಕಾಳು ಪಕ್ಕಪಕ್ಕ ಇಟ್ಟಷ್ಟು. ಅವರು ಬೆರಳು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

ಕಾಣುವ ಉಗುರು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿದ ಸತ್ತ ಕೋಶಗಳ ಪದರ. ಅದು ಹುಟ್ಟುವುದು ಬುಡದ ಚರ್ಮದ ಮಡಿಕೆಯೊಳಗೆ. ಹೊರಗೆ ಕಾಣುವ ಬಿಳಿ ಅರ್ಧಚಂದ್ರ ಆ ಜಾಗದ ತುದಿ. ಅಲ್ಲಿ ಊತವಿದ್ದಾಗ ಹುಟ್ಟಿದ ಉಗುರು ಏರುತಗ್ಗಾಗಿಯೇ ಬರುತ್ತದೆ. ಕೈ ಉಗುರು ಪೂರ್ತಿ ಹೊಸದಾಗಲು ಸುಮಾರು 6 ತಿಂಗಳು ಬೇಕು.

ನಾನು ಹೆಚ್ಚು ಹೊತ್ತು ಕೂತು ಹೇಳುವುದು ಬುಡದ ತೆಳು ಪೊರೆಯ ಬಗ್ಗೆ. ಬ್ಯೂಟಿ ಪಾರ್ಲರ್‌ಗಳಲ್ಲಿ ಚಂದಕ್ಕೆಂದು ಕತ್ತರಿಸುತ್ತಾರಲ್ಲ, ಅದೇ. ದಯವಿಟ್ಟು ಕತ್ತರಿಸಿಕೊಳ್ಳಬೇಡಿ. ಗದ್ದೆಗೆ ಬದು ಇದ್ದ ಹಾಗೆ ಉಗುರಿಗೆ ಅದು. ನೆನೆದು ನೆನೆದು ಬಿಟ್ಟುಕೊಂಡರೆ ಸಂದಿಯೊಳಗೆ ನೀರು, ಸೋಪು, ಶಿಲೀಂಧ್ರ ಎಲ್ಲ ನುಗ್ಗುತ್ತವೆ. ಊತ ಇಳಿದರೂ ಪೊರೆ ಮತ್ತೆ ಅಂಟಿಕೊಳ್ಳುವವರೆಗೆ ಆರೈಕೆ ನಿಲ್ಲಿಸುವಂತಿಲ್ಲ.

ಈಗ ನಾಟಿ ಬಿಡಿ ಎನ್ನುವುದಿಲ್ಲ. ಗದ್ದೆಯಿಂದ ಎದ್ದ ಕೂಡಲೇ ಒಳ್ಳೆ ನೀರಲ್ಲಿ ತೊಳೆದು, ಉಗುರಿನ ಸುತ್ತ ಹಸಿ ಉಳಿಯದಂತೆ ಒರೆಸಿ, ವ್ಯಾಸಲೀನ್ ಸವರಿ ಎನ್ನುತ್ತೇನೆ. ಅಂಗೈಗೂ ಸವರಬೇಕು, ಅಲ್ಲಿ ಬೆವರಿನ ಗ್ರಂಥಿಗಳು ತುಂಬಿವೆ, ಜಿಡ್ಡಿನ ಗ್ರಂಥಿ ಒಂದೂ ಇಲ್ಲ. ಕೀವು ತುಂಬಿ ಸಿಡಿಯುತ್ತಿದ್ದರೆ ಸೂಜಿಯಿಂದ ಚುಚ್ಚಿಕೊಳ್ಳದೆ ಅವತ್ತೇ ಬರಬೇಕು.

ಆರನೇ ತಿಂಗಳು ಆ ಅಮ್ಮ ಕೈ ಚಾಚಿದಾಗ ಏರುತಗ್ಗಿನ ಕೊನೇ ಚೂರು ಉಗುರಿನ ತುದಿಯಲ್ಲಿತ್ತು. ನೈಲ್ ಕಟರ್ ತೆಗೆದು ನಾನೇ ಕತ್ತರಿಸಿದೆ.