ಹಳೇ ರಿಸೀವರ್: ಸೀದಾ ಪ್ಲಗ್ ಹಾಕಬೇಡಿ

ಅಟ್ಟದಿಂದ ಇಳಿಸಿದ ಸ್ಟೀರಿಯೊ ರಿಸೀವರ್‌ನ ಧೂಳು ಒರೆಸಿ, ಒಳ್ಳೇ ಸ್ಪೀಕರ್ ಸಿಕ್ಕಿಸಿ, ಪ್ಲಗ್ ಹಾಕಿ ಸ್ವಿಚ್ ಒತ್ತಿಬಿಡುತ್ತಾರೆ. 'ಠಪ್' ಅಂದಮೇಲೆ ನನಗೆ ಫೋನ್. 1970ರ ದಶಕದ ಮರಾಂಟ್ಸ್, ಪಯೋನೀರ್, ಸ್ಯಾನ್ಸುಯಿ ಸೆಟ್‌ಗಳು ಎಷ್ಟೋ ಹೀಗೇ ಹಾಳಾಗಿವೆ.

ಮೊದಲು ಹಿಂಬದಿಯ ಬರಹ ಓದಿ. ಅಮೆರಿಕದಿಂದ ತಂದ ಸೆಟ್ 120 ವೋಲ್ಟ್‌ನದಾಗಿದ್ದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಸುಟ್ಟ ಫ್ಯೂಸಿಗೆ ಅದೇ ಆಂಪಿಯರ್‌ನ ಫ್ಯೂಸ್ ಹಾಕಿ. ತಂತಿ ಸುತ್ತುವ ಜಾಣತನ ಬೇಡ.

ಇನ್ನು ಸೀರೀಸ್ ಬಲ್ಬ್, ಅಂದರೆ ಸೆಟ್‌ಗೆ ಒಮ್ಮೆಲೇ ಹೆಚ್ಚು ಕರೆಂಟ್ ನುಗ್ಗದಂತೆ ತಡೆಯುವ ಬಲ್ಬ್. ಇದನ್ನು ಬಿಟ್ಟವರೇ ಜಾಸ್ತಿ. 230 ವೋಲ್ಟ್‌ನ ಸೆಟ್‌ಗೆ ಹೋಗುವ ಫೇಸ್ ತಂತಿಯ ನಡುವೆ ಒಂದು ಹೋಲ್ಡರ್ ಹಾಕಿ, 60 ವ್ಯಾಟ್‌ನ ಹಳೇ ನಮೂನೆಯ, ಒಳಗೆ ತಂತಿ ಉರಿಯುವ ಬಲ್ಬ್ ಸಿಕ್ಕಿಸಿ. ಎಲ್‌ಇಡಿ ಇಲ್ಲಿ ನಡೆಯೋದಿಲ್ಲ. ಸ್ಪೀಕರ್ ಬಿಚ್ಚಿ, ವಾಲ್ಯೂಮ್ ಸೊನ್ನೆಗಿಟ್ಟು ಆನ್ ಮಾಡಿ. ಬಲ್ಬ್ ಒಮ್ಮೆ ಜೋರಾಗಿ ಹೊತ್ತಿ ಮಂಕಾದರೆ ಸರಿ. ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ತುಂಬಿಕೊಳ್ಳುವಾಗ ಹಾಗಾಗುತ್ತದೆ. ಮಂಕಾಗದೆ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ. ಒಳಗೆಲ್ಲೋ ಶಾರ್ಟ್ ಇದೆ. ಮೊದಲ ಅನುಮಾನ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಮತ್ತು ಸ್ಪೀಕರ್ ನಡೆಸುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಮೇಲೆ.

ಕೈ ಹಾಕುವ ಮುನ್ನ ಪ್ಲಗ್ಗನ್ನೇ ಕೀಳಿ. ಸ್ವಿಚ್ ಆಫ್ ಇದ್ದರೂ ಅದರ ಒಂದು ಕಾಲಿನಲ್ಲಿ ಮನೆ ಕರೆಂಟ್ ಇರಬಹುದು. ಫಿಲ್ಟರ್ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಕರೆಂಟ್ ಹಿಡಿದಿಟ್ಟಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ನನಗೆ ಒಂಚೂರೂ ಇಷ್ಟವಿಲ್ಲ. 1 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ಕೆಪಾಸಿಟರ್‌ನ ಎರಡು ಕಾಲಿಗೂ ಒಂದು ನಿಮಿಷ ತಾಗಿಸಿ. ಮಲ್ಟಿಮೀಟರ್‌ನಲ್ಲಿ ಸೊನ್ನೆ ವೋಲ್ಟ್ ನೋಡಿಯೇ ಮುಂದಕ್ಕೆ. ಇಷ್ಟಕ್ಕೆ ಧೈರ್ಯ ಬರದಿದ್ದರೆ ಮೆಕ್ಯಾನಿಕ್ ಹತ್ತಿರ ಕೊಡಿ, ಅವಮಾನವೇನಿಲ್ಲ.

ಬಲ್ಬ್ ಮಂಕಾಗದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಪರೀಕ್ಷಿಸಿ. ಅದರ ಕಲೆಕ್ಟರ್–ಎಮಿಟರ್ ಕಾಲುಗಳ ನಡುವೆ ಮೀಟರ್ ಬೀಪ್ ಅಂದರೆ ಅದು ಬಹುತೇಕ ಹೋದಂತೆ. ಬೋರ್ಡಿನಿಂದ ಬಿಚ್ಚಿ ಇನ್ನೊಮ್ಮೆ ನೋಡಿ. ಜೋಡಿಯಾಗಿಯೇ ಬದಲಾಯಿಸಿ, ಪಕ್ಕದ ಎಮಿಟರ್ ರೆಸಿಸ್ಟರನ್ನೂ ಪರೀಕ್ಷಿಸಿ. ಅಗ್ಗಕ್ಕೆ ಸಿಗುವ ಡೂಪ್ಲಿಕೇಟ್ 2ಎನ್3055 ಟ್ರಾನ್ಸಿಸ್ಟರ್ ಮಾತ್ರ ಬೇಡವೇ ಬೇಡ. ಅಸಲಿ ಸಿಗುವ ತನಕ ಕಾಯಿರಿ.

ಬಲ್ಬ್ ಮಂಕಾಯಿತೇ? ಈಗ ಬಲ್ಬ್ ತೆಗೆದು ಸೆಟ್ಟನ್ನು ಸೀದಾ ಕರೆಂಟಿಗೆ ಹಾಕಿ. ಸ್ಪೀಕರ್ ಕಾಯುವ ರಿಲೇ (ತಾನೇ ಕೂಡುವ ಸ್ವಿಚ್) ಇದ್ದರೆ ಅದು ಕೆಲವು ಸೆಕೆಂಡಿನಲ್ಲಿ 'ಟಕ್' ಅನ್ನಬೇಕು. ಅನ್ನದಿದ್ದರೆ ಆಂಪ್ಲಿಫೈಯರ್ ಸ್ಪೀಕರ್ ಕಡೆಗೆ ಡಿಸಿ (ಏಕಮುಖ ವಿದ್ಯುತ್) ಕಕ್ಕುತ್ತಿರಬಹುದು. 'ಟಕ್' ಅಂದರೂ ರಿಲೇ ಇದೆಯಲ್ಲ ಅಂತ ನಂಬದೆ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರ್ ಕಾಯಿಲ್ ಸುಡುತ್ತದೆ.

ಒಂದು ಕಡೆ ಮಾತ್ರ ಸಣ್ಣ ದನಿ, ವಾಲ್ಯೂಮ್ ಏರಿಸಿದರೆ ಸರಿಹೋಗುತ್ತದೆ ಅಂದರೆ ರಿಲೇ ಕಾಂಟ್ಯಾಕ್ಟ್ ಕಪ್ಪಾಗಿದೆ. ಕ್ಲೀನರ್ ಹಚ್ಚಿದ ಕಾಗದದ ಪಟ್ಟಿ ತೂರಿಸಿ ಎಳೆಯಿರಿ. ವಾಲ್ಯೂಮ್ ತಿರುಗಿಸುವಾಗ ಬರುವ ಕರಕರಕ್ಕೂ ಕಾಂಟ್ಯಾಕ್ಟ್ ಕ್ಲೀನರ್ರೇ ಮದ್ದು. ತುಕ್ಕು ಬಿಡಿಸುವ ಎಣ್ಣೆ ಹೊಡೆಯಬೇಡಿ. ಎರಡೂ ಕಡೆ ದನಿಯೇ ಇಲ್ಲದಿದ್ದರೆ ಟೇಪ್ ರೆಕಾರ್ಡರ್‌ನ ದನಿ ಕೇಳಿಸುವ ಟೇಪ್ ಮಾನಿಟರ್ ಬಟನ್ ಒತ್ತಿಕೊಂಡಿದೆಯಾ ನೋಡಿ, ಎಷ್ಟೋ ಸಲ ಇಷ್ಟೇ ಇರುತ್ತದೆ!

ಮೊದಲ ಹಾಡಿಗೆ ಯಾವುದಾದರೂ ಹಳೇ ಸ್ಪೀಕರ್ ಸಾಕು. ಒಂದು ಗಂಟೆ ಓಡಲಿ, ಹೀಟ್‌ಸಿಂಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಒಳ್ಳೇ ಜೋಡಿ ಸಿಕ್ಕಿಸಬಹುದು.